ನಾನು ಮುಚ್ಚಿದ ಗೇಣು ಜಾಗ

ಉದಗೀರದ ನಮ್ಮ ಬಟ್ಟೆಚಿತ್ರದ ಕೆಲಸಮನೆಗೆ ಈ ವರ್ಷ ಐದು ಜನ ಹೊಸಬರು ಸೇರಿದ್ದಾರೆ. ಯಾವ ಬಟ್ಟೆಗೆ ಯಾವ ಸೂಜಿ, ಮಣ್ಣು ಹಚ್ಚಿದ ಬಟ್ಟೆ ಬಿರಿಯದಂತೆ ಏನು ಮಾಡಬೇಕು, ಎಲ್ಲ ಬರೆದುಕೊಡಿ ಮಾಸ್ತರ ಎಂದು ಕೇಳಿದರು. ಬರೆಯುತ್ತೇನೆ. ನಾನು ಓದಿದ್ದು ಉಮರ್ಗಾದ ಮರಾಠಿ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆವರೆಗೆ. ಕನ್ನಡ ಅಕ್ಷರ ಕಲಿಸಿದವರು ಮಠದ ಅಯ್ಯನವರು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಆದರೆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನು ಯಾರೂ ತಿದ್ದಿ ಚೆಂದ ಮಾಡಬಾರದು. ಅದನ್ನು ಚೆಂದ ಮಾಡಿದವರು ಈಗಾಗಲೇ ಬಹಳ ಜನ ಇದ್ದಾರೆ.

ನಮ್ಮಪ್ಪ ಸಂತೆಯಿಂದ ಸಂತೆಗೆ ಬಟ್ಟೆಯ ಗಂಟು ಹೊತ್ತು ಮಾರುತ್ತಿದ್ದ. ಬಟ್ಟೆ ಮಾರುವ ಮನೆಯ ಮಗ ಮಂದಿಯ ಅಳತೆ ಹಿಡಿಯುತ್ತಾನೆಯೇ ಎಂದು ನೆಂಟರು ಮೂಗು ಮುರಿದರು. ನಾನು ಕೇಳಲಿಲ್ಲ. ಉಮರ್ಗಾದ ಹೆದ್ದಾರಿಗೆ ಹತ್ತಿದ ಗಲ್ಲಿಯಲ್ಲಿ ಮೆಹಬೂಬ ಉಸ್ತಾದರ ಹೊಲಿಗೆ ಅಂಗಡಿ ಇತ್ತು. ಅಲ್ಲಿ ಸೇರಿಕೊಂಡೆ. ಉಸ್ತಾದರು ಮಾತು ಕಡಿಮೆ, ಕಣ್ಣು ಜಾಸ್ತಿ. ನೀವು ಹೊಲಿದ ಅಂಗಿಯನ್ನು ಅವರು ತಿರುವಿ ಒಳಗಿನ ಹೊಲಿಗೆಯನ್ನೇ ಮೊದಲು ನೋಡುತ್ತಿದ್ದರು. ಹೊರಗಿನದನ್ನು ಗಿರಾಕಿ ನೋಡುತ್ತಾನೆ, ಒಳಗಿನದನ್ನು ನಾನು ನೋಡಬೇಕು ಎನ್ನುತ್ತಿದ್ದರು.

ಮೊದಲ ದೊಡ್ಡ ತಪ್ಪು ಅವರ ಅಂಗಡಿಯಲ್ಲೇ ಆಯಿತು. ಮದುಮಗನ ವೆಲ್ವೆಟ್ ಜಾಕೀಟು. ವೆಲ್ವೆಟಿನ ಮೇಲಿನ ಸಣ್ಣ ಕೂದಲಿಗೆ ಒಂದು ದಿಕ್ಕಿರುತ್ತದೆ. ಒಂದು ಕಡೆಗೆ ಕೈಯಾಡಿಸಿದರೆ ನುಣುಪು, ತಿರುಗಿ ಆಡಿಸಿದರೆ ತಡೆಯುತ್ತದೆ. ಬಟ್ಟೆ ಉಳಿಸುವ ಜಾಣತನ ಮಾಡಿ ಎಡಗಡೆಯ ಭಾಗವನ್ನು ತಲೆಕೆಳಗಾಗಿ ಕತ್ತರಿಸಿದ್ದೆ. ಒಳಗೆ ಬಲ್ಬಿನ ಬೆಳಕಿನಲ್ಲಿ ಏನೂ ಕಾಣಲಿಲ್ಲ. ಬಿಸಿಲಿಗೆ ಹಿಡಿದರೆ ಅರ್ಧ ಕಪ್ಪು, ಅರ್ಧ ಬೂದಿ.

ಉಸ್ತಾದರು ಅದನ್ನು ಎತ್ತಿ ಹಿಡಿದು ಕೇಳಿದರು: "ಬಸ್ಯಾ, ಇದು ಜಾಕೀಟದೋ, ಅಮಾಸಿ ಹುಣಿಮಿ ಅದೋ?"

"ಡಿಜೈನೇ ಹಂಗದ್ರಿ ಉಸ್ತಾದ."

"ಹಂಗಾದ್ರ ನೀನೇ ಹಾಕ್ಕೊ. ನಿನ್ನ ಮೈಗಿ ಒಪ್ಪತದ."

ಮೂರು ದಿನ ಆ ಜಾಕೀಟು ಹಾಕಿಕೊಂಡೇ ಮಷಿನ್ನಿನ ಮುಂದೆ ಕೂತೆ. ಬಂದ ಗಿರಾಕಿಗಳೆಲ್ಲ ಮದುವೆ ಯಾವಾಗ ಎಂದು ಕೇಳಿದರು. ಮೂರನೆಯ ದಿನ ಉಸ್ತಾದರು ಅದನ್ನು ಬಿಚ್ಚಿಸಿ, ಚಹಾ ತರಿಸಿ, "ಗೊತ್ತಿಲ್ಲಂದ್ರ ಕೇಳೋ. ಕೇಳಿದ್ರ ನಿನ್ನ ತಲಿ ಮ್ಯಾಗಿನ ಟೊಪಗಿ ಬೀಳಾಂಗಿಲ್ಲ" ಎಂದರು. ಆ ಮಾತನ್ನು ನಾನು ಸಾವಿರ ಸಲ ಬೇರೆಯವರಿಗೆ ಹೇಳಿದ್ದೇನೆ. ಬೇಕಾದ ದಿನ ನನಗೆ ನಾನು ಹೇಳಿಕೊಳ್ಳಲಿಲ್ಲ.

ಸಿದ್ಧ ಉಡುಪು ಬಂದು ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಸ್ತಾದರೂ ತೀರಿಹೋದರು. ಆಗ ಉದಗೀರದ ಅನುರಾಧಾ ಮೇಡಂ ಕರೆ ಕಳಿಸಿದರು. ಅವರು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಕೆಲಸ ಬಿಟ್ಟು, ಹಳೆಯ ಕಾಳಿನ ಗೋದಾಮಿನಲ್ಲಿ ಗೋಡೆಯಷ್ಟು ದೊಡ್ಡ ಬಟ್ಟೆಯ ಚಿತ್ರ ಮಾಡಲು ಕೂತಿದ್ದರು. ಸೀರೆ, ಗೋಣಿತಾಟು, ಮಣ್ಣು, ಕಾಳು, ಕವಡೆ, ತಂತಿ, ಯಾರೋ ಕೊಟ್ಟ ಹಳೆಯ ಫೋಟೋ, ಎಲ್ಲವನ್ನೂ ಸೇರಿಸಿ ಹೊಲಿಯುವುದು. ಮನುಷ್ಯ ಎಲ್ಲಿಂದ ಬಂದ, ಕನಸಿನಲ್ಲಿ ಎಲ್ಲೆಲ್ಲಿಗೆ ಹೋಗುತ್ತಾನೆ, ಕೊನೆಗೆ ಯಾವ ನೆಲವನ್ನು ತನ್ನದು ಅನ್ನುತ್ತಾನೆ, ಇಷ್ಟೇ ನಮ್ಮ ವಿಷಯ ಎಂದರು. ನನ್ನ ಜೊತೆ ಅವರು ಮರಾಠಿಯಲ್ಲಿ ಮಾತಾಡುತ್ತಿದ್ದರು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಮೊದಲ ದಿನ ಒಂದು ಚಿತ್ರ ಕೊಟ್ಟು, ರೇಷ್ಮೆಯನ್ನು ಗೋಣಿತಾಟಿಗೆ ಹೊಲಿದು, ಅಂಚಿನ ಎಳೆಗಳನ್ನು ಹಾಗೆಯೇ ಜೋತುಬಿಡಿ ಎಂದು ಹೇಳಿ ಹೋದರು. ಜೋತುಬಿದ್ದ ಎಳೆಯನ್ನು ಕಂಡರೆ ನನಗೆ ಆಗುವುದಿಲ್ಲ. ಸಂಜೆಯೊಳಗೆ ಎಲ್ಲ ಅಂಚು ಮಡಚಿ ಸಾಲಾಗಿ ಹೊಲಿದಿಟ್ಟೆ. ಮೇಡಂ ಬಂದು ಅಂಚಿನ ಸುತ್ತ ಬೆರಳಾಡಿಸಿದರು. ಆಮೇಲೆ, "ಮಾಸ್ತರ, ನೀವು ಇದಕ್ಕೆ ಪ್ಯಾಂಟು ಹೊಲಿದಿದ್ದೀರಿ" ಎಂದರು.

ಇನ್ನು ಮಣ್ಣಿನ ವಿಷಯ. ಉದಗೀರದ ಕೆಂಪು ಮುರುಮು, ನಿಲಂಗಾದ ಕರಿ ಎರೆ, ಎರಡನ್ನೂ ಬಟ್ಟೆಯ ಮೇಲೆ ಹಚ್ಚಬೇಕಾಗಿತ್ತು. ಅಂಗಡಿಯ ಗೋಂದಿನಿಂದ ಹಚ್ಚಿದರೆ ಒಣಗಿ ಹೊಪ್ಪಳಿಕೆಯಾಗಿ ಉದುರುತ್ತದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ಗಂಜಿ ಕಾಯಿಸಿ ಅದರಲ್ಲಿ ಮಣ್ಣು ಕಲಸಿ. ಎರೆಮಣ್ಣು ಬಿರಿಯುವ ಜಾತಿ. ಅದಕ್ಕೆ ಒಂದು ಹಿಡಿ ಹತ್ತಿಯನ್ನು ಸಣ್ಣಗೆ ಹಿಂಜಿ ಸೇರಿಸಿ. ಗಂಜಿಗೆ ಮೈಲುತುತ್ತ ಹಾಕುವುದನ್ನು ಮರೆಯಬೇಡಿ. ನಾವು ಮರೆತು, ಇಲಿಗಳು ಒಂದು ಇಡೀ ನದಿಯನ್ನು ತಿಂದುಹೋದವು.

ಕಾಳಿನದು ಇನ್ನೂ ದೊಡ್ಡ ಕಥೆ. ಗರ್ಭದ ಚಿತ್ರವೊಂದರಲ್ಲಿ ಜೋಳದ ಕಾಳನ್ನು ತೆಳು ಮಸ್ಲಿನ್ನಿನ ಕೆಳಗೆ ಹೊಲಿದು ಗಾಜಿನ ಚೌಕಟ್ಟಿನಲ್ಲಿ ಹಾಕಿ ಕಳಿಸಿದ್ದೆವು. ಪ್ರದರ್ಶನದ ಎರಡನೆಯ ವಾರ ಗಾಜಿನ ಒಳಗೆ ನುಸಿ ಹುಳ ಓಡಾಡತೊಡಗಿದವು. ನೋಡುವವರು ಅದೂ ಚಿತ್ರದ ಭಾಗವೆಂದು ತಿಳಿದು ಮೆಚ್ಚಿದರಂತೆ. ಮೇಡಂಗೆ ನಿದ್ದೆ ಇಲ್ಲ. ಅಂದಿನಿಂದ ನಾನು ಕಾಳನ್ನು ಬಾಣಲೆಯಲ್ಲಿ ಹುರಿದು ಹೊಲಿಯತೊಡಗಿದೆ. ಹೊಸ ಪದ್ಧತಿ ಕಂಡುಹಿಡಿದೆ ಎಂದು ಜಂಬದಿಂದ ಅಕ್ಕನಿಗೆ ಹೇಳಿದೆ.

ಅಕ್ಕ ಎಂದರೆ ಗಂಗಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಿಲಂಗಾದ ಒಕ್ಕಲು ಮನೆಗೆ ಕೊಟ್ಟಿದ್ದೆವು. ನಾನಿದ್ದ ಅಂಗಡಿಯ ತುಂಡು ಬಟ್ಟೆಯೆಲ್ಲ ಚೀಲ ಕಟ್ಟಿಕೊಂಡು ಬಸ್ಸಿನಲ್ಲಿ ಅವಳ ಮನೆಗೆ ಹೋಗುತ್ತಿತ್ತು, ಕೌದಿಯಾಗಿ ತಿರುಗಿ ಬರುತ್ತಿತ್ತು.

ಹುರಿದ ಕಾಳಿನ ಸುದ್ದಿ ಕೇಳಿ ಅವಳು ನಕ್ಕಳು. "ಹುರದ ಕಾಳು ಮೊಳಕಿ ಒಡೀತದೇನೋ ತಮ್ಮಾ? ಹುಟ್ಟಿನ ಚಿತ್ರಾ ಮಾಡ್ಲತ್ತೀರಿ, ಅದರಾಗ ಸತ್ತ ಬೀಜಾ ಹೊಲಿಲತ್ತೀರಿ. ಭಾರಿ ಶಾಣ್ಯಾರು."

ನಾನು ಇದನ್ನು ಮೇಡಂಗೆ ಹೇಳಿದೆ. ಅವರು ಮರುದಿನವೇ ನಿಲಂಗಾಕ್ಕೆ ಹೊರಟರು. ಅಲ್ಲಿ ಅಕ್ಕನ ಕೌದಿಗಳನ್ನು ಹರಡಿಸಿ ನೋಡಿದರು. ಅಕ್ಕ ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ತುಂಡು ಹೊಲಿಯುವವಳು. ಕನಸಿನಲ್ಲಿ ಎತ್ತು ಬಂದಿದ್ದರೆ ಗೋಣಿತಾಟಿನ ತುಂಡು, ನೀರು ಬಂದಿದ್ದರೆ ಶಾಲೆಯ ಸಮವಸ್ತ್ರದ ನೀಲಿ. ಬಾಯಿಬಿಟ್ಟು ಕನಸು ಹೇಳುತ್ತಿರಲಿಲ್ಲ. "ಹೇಳಿದ್ರ ಹಳಸತದ" ಎನ್ನುತ್ತಿದ್ದಳು.

ಹುಟ್ಟಿದ ಕೂಸನ್ನು ಯಾವುದರಲ್ಲಿ ಸುತ್ತುತ್ತೀರಿ ಎಂದು ಮೇಡಂ ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರವೇ ನಮ್ಮ ಅತಿ ದೊಡ್ಡ ಚಿತ್ರಕ್ಕೆ ಮೂಲವಾಯಿತು. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯ ಹೆಂಗಸಿನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತುತ್ತಾರೆ. "ರಾಜಾ ಇರಲಿ, ಕೂಲಿಯಂವಾ ಇರಲಿ, ಮೊದಲ ಬರೂದು ಹಳೀ ಅರಿವ್ಯಾಗೇ" ಎಂದಳು ಅಕ್ಕ. ಮೇಡಂ ಅದನ್ನು ಬರೆದುಕೊಂಡು, ಚಿತ್ರದ ನಡುವಿನ ಕೌದಿಯನ್ನು ನೀವೇ ಮಾಡಿಕೊಡಿ, ಹೇಗೆ ಮಾಡಿದರೂ ಸರಿ ಎಂದರು.

ಇಲ್ಲಿ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು. ನಮ್ಮಲ್ಲಿ ಕೌದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೊನೆಗೆ ನಡುವೆ ಒಂದು ಗೇಣು ಉಳಿಯುತ್ತದೆ. ಅಲ್ಲಿ ಒಂದು ಚೂರು ರೊಟ್ಟಿ ಇಟ್ಟು ಮುಚ್ಚುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತೇವೆ. ಹೊಟ್ಟೆ ತುಂಬದ ಕೌದಿಯನ್ನು ಯಾರಿಗೂ ಹಾಸಿಕೊಡುವುದಿಲ್ಲ. ಅದು ಅಪಮಾನ.

ಅಕ್ಕನ ಕೌದಿ ಬರಲು ಎಂಟು ತಿಂಗಳಾಯಿತು. ಉದಗೀರದ ಒಂದು ಕಾಲೇಜಿನ ಸಭಾಂಗಣದಲ್ಲಿ ಮೊದಲ ಪ್ರದರ್ಶನ. ಅದಕ್ಕೆ ಎರಡು ದಿನವಿದ್ದಾಗ ನಿಲಂಗಾದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೌದಿ ಬಂತು. ಹರಡಿದೆ. ಸಾವಿರಾರು ಸಣ್ಣ ಹೊಲಿಗೆಯ ಟಾಕಿ, ಒಂದೂ ನೇರ ಇಲ್ಲ, ಒಂದೂ ತಪ್ಪಿಲ್ಲ. ನಡುವೆ ನೋಡಿದೆ. ಗೇಣು ಜಾಗ ತೆರೆದೇ ಇತ್ತು.

ಆಗ ನನ್ನ ತಲೆಯಲ್ಲಿ ಏನಿತ್ತು ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ವಯಸ್ಸಾಯಿತು, ಮರೆತಳು ಅಂದುಕೊಂಡೆ. ಮಂದಿ ಬಂದು, ಮಾಸ್ತರನ ಅಕ್ಕ ಅರ್ಧ ಕೆಲಸ ಕಳಿಸಿದ್ದಾಳೆ ಎಂದಾರು ಅಂದುಕೊಂಡೆ. ಫೋನು ಜೇಬಿನಲ್ಲೇ ಇತ್ತು. ಮಾಡಲಿಲ್ಲ. ಇಷ್ಟು ವರ್ಷ ಹೊಲಿದವನು ಒಂದು ಗೇಣಿನ ಹೊಲಿಗೆಗೆ ಅಕ್ಕನನ್ನು ಕೇಳಬೇಕೇ? ಮಧ್ಯಾಹ್ನ ಮಷಿನ್ನಿಗೆ ಹಾಕಿ ಎರಡು ಗೆರೆ ಹೊಡೆದೆ. ಪಕ್ಕದಲ್ಲಿಟ್ಟ ಚಹಾ ಆರುವಷ್ಟರಲ್ಲಿ ಮುಗಿಯಿತು. ರೊಟ್ಟಿಯ ಚೂರನ್ನೂ ಇಡಲಿಲ್ಲ. ಒಳಗೆ ಕೈ ಹಾಕಿ ನೋಡಲೂ ಇಲ್ಲ.

ಮೇಡಂ ಬಂದು ನೋಡಿದರು. "ಇದು ಮಷಿನ್ ಹೊಲಿಗೆಯಲ್ಲವೇ?" ಎಂದರು.

"ಅಕ್ಕನೇ ಹಾಕು ಅಂದಳು" ಎಂದೆ.

ಮುಚ್ಚಿದ್ದು ತಪ್ಪು. ಈ ಮಾತು ಅದಕ್ಕಿಂತ ದೊಡ್ಡ ತಪ್ಪು. ಮೊದಲನೆಯದನ್ನು ಕೈ ಮಾಡಿತು, ಎರಡನೆಯದನ್ನು ನಾನು ಮಾಡಿದೆ.

ಪ್ರದರ್ಶನದ ದಿನ ಅಕ್ಕ ಇಳಕಲ್ಲು ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಒಬ್ಬಳೇ ಬಂದಳು. ಅವಳು ನನ್ನ ಜೊತೆ ಮಾತಾಡುವುದನ್ನು ಕೇಳಿ, ಕೋಟು ಹಾಕಿದ್ದ ಒಬ್ಬರು ಹತ್ತಿರ ಬಂದರು. ನೀವು ಕನ್ನಡದವರು, ನಮ್ಮ ಮರಾಠಿ ಭಾಗಕ್ಕೆ ಯಾವಾಗ ಬಂದಿರಿ ಎಂದು ಮರಾಠಿಯಲ್ಲಿ ಕೇಳಿದರು. ಮಾತಿನಲ್ಲಿ ಮುಳ್ಳಿತ್ತು. ಅಕ್ಕ ಮರಾಠಿಯಲ್ಲೇ ಉತ್ತರ ಕೊಟ್ಟಳು, ಕನ್ನಡದಲ್ಲಿ ಹೇಳಿದ್ದರೆ ಹೀಗಿರುತ್ತಿತ್ತು: "ನಾ ಅವ್ವನ ಹೊಟ್ಟ್ಯಾಗಿಂದ ಸೀದಾ ಇಲ್ಲಿಗೇ ಬಂದೀನ್ರೀ. ನೀವು ನಡುವ ಎಲ್ಯಾರ ಇಳದಿದ್ರೇನು?"

ಸುತ್ತಲಿದ್ದವರು ನಕ್ಕರು. ಅವರೂ ನಗಬೇಕಾಯಿತು. ನಾವು ಇಲ್ಲಿಯವರು ಎಂದು ತೋರಿಸಲು ಕಾಗದ ಹುಡುಕುವವರಿಗೆ ನಾನು ಈಗಲೂ ಇದೇ ಮಾತನ್ನು ಹೇಳುತ್ತೇನೆ. ನೀವೂ ಹೇಳಿ. ಕಾಗದ ತೋರಿಸಬೇಡಿ.

ನಗುತ್ತಲೇ ಅಕ್ಕ ಚಿತ್ರದ ಹತ್ತಿರ ಹೋದಳು. ನಡುವಿಗೆ ಕೈ ಚಾಚಿದಳು. ಅಂಗೈ ಹೊಲಿಗೆಯ ಮೇಲೆ ಬಂದು ನಿಂತಿತು. ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು.

"ಯಾರು ಮುಚ್ಯಾರ?"

"ನಾನೇ ಅಕ್ಕಾ. ಉಳದಿತ್ತಲ್ಲ. ಮರ್ತಿದ್ದಿ ಅನಕೊಂಡೆ."

"ಮರ್ತೀನಿ ಅಂತ ನಿನಗ ಯಾರು ಹೇಳ್ಯಾರ?"

ನಾನು ಚಿತ್ರದ ಅಂಚಿನ ಒಂದು ಎಳೆ ಸರಿಮಾಡತೊಡಗಿದೆ.

"ಬಾಗಲಾ ಬಿಟ್ಟಿದ್ದೆ" ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು, "ಬಸ್ ಹೋಗತದ" ಎಂದು ಹೊರಟಳು. ಅವಳು ಸೂಜಿ ಹಿಡಿಯುವುದನ್ನು ಬಿಟ್ಟಳು ಎಂದು ನನಗೆ ಗೊತ್ತಾದದ್ದು ಮುಂದಿನ ದೀಪಾವಳಿಗೆ. ನಾನು ಒಯ್ದ ತುಂಡು ಬಟ್ಟೆಯ ಚೀಲ ಹಿಂದಿನ ಸಲ ಇಟ್ಟಲ್ಲೇ ಗಂಟು ಬಿಚ್ಚದೆ ಇತ್ತು. ಹೋದರೆ ರೊಟ್ಟಿ ಬಡಿದು ಹಾಕುವಳು, ನನ್ನ ಮಕ್ಕಳು ಮರಿಯನ್ನು ವಿಚಾರಿಸುವಳು. ಕೌದಿಯ ಮಾತು ಮಾತ್ರ ಎತ್ತುವಳಲ್ಲ. ನಾನೂ ಎತ್ತಲಿಲ್ಲ. ಹಾಗೆ ವರ್ಷಗಳು ಹೋದವು.

ಆ ವರ್ಷಗಳಲ್ಲಿ ಚಿತ್ರ ಊರೂರು ತಿರುಗಿತು. ನಗರದ ಕಲೆ ತಿಳಿದವರೊಬ್ಬರು ಅದರ ಬಗ್ಗೆ ಉದ್ದ ಲೇಖನ ಬರೆದರು. ಕೈಹೊಲಿಗೆಯ ನಡುವಿನ ಆ ಎರಡು ಮಷಿನ್ ಗೆರೆಗಳು ತಾಯಿಯ ಗರ್ಭಕ್ಕೆ ಯಂತ್ರಯುಗ ಹಾಕಿದ ಬೀಗವಂತೆ. ಓದಿದವರೆಲ್ಲ ಬಂದು ಆ ಜಾಗದ ಫೋಟೋ ತೆಗೆದರು. ಆ ಗೆರೆ ಹಾಕಿದ ಕೈ ಇದೇ ಎಂದು ಗೊತ್ತಾದ ಮೇಲೆ ನನಗೆ ಶಾಲು ಹೊದಿಸಿದರು. ಮೇಡಂ ವೇದಿಕೆಯ ಮೇಲೆ ನಿಂತು ಆ ಹೊಲಿಗೆಯ ಅರ್ಥ ಹೇಳುವರು, ನಾನು ಹಿಂದೆ ನಿಂತು ಕೇಳುವೆನು. ಅಕ್ಕನ ಎಂಟು ತಿಂಗಳ ಬೆಳಗಿನ ಕನಸುಗಳ ಬಗ್ಗೆ ಆ ಲೇಖನದಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಸೊಕ್ಕಿಗೆ ನಾಲ್ಕು ಪುಟ.

ನಾನು ನಿವೃತ್ತನಾದ ತಿಂಗಳೇ ಕಾಗದ ಬಂತು. ದೊಡ್ಡ ನಗರದ ಒಂದು ಕಲಾಸಂಸ್ಥೆ ಚಿತ್ರವನ್ನು ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ; ಆದರೆ ನಡುವಿನ ಯಂತ್ರಹೊಲಿಗೆ ಕೃತಿಯ ಜೀವಾಳವಾದ್ದರಿಂದ ಅದರ ಒಂದು ಎಳೆಯೂ ಕದಲಬಾರದು. ಮೇಡಂ ಸಂತೋಷದಿಂದ ನನ್ನನ್ನು ಕರೆಸಿ ಓದಿ ಹೇಳಿದರು. ನಾನು ನಿಂತಲ್ಲೇ, ಅಂದು ಹೇಳಿದ್ದು ಸುಳ್ಳು ಎಂದೆ. ಎಲ್ಲವನ್ನೂ ಹೇಳಿದೆ.

ಮೇಡಂ ಕಾಗದ ಮಡಚಿದರು. "ಇಷ್ಟು ವರ್ಷ ನಾನು ಮಂದಿಯ ಮುಂದೆ ಅರ್ಥ ಹೇಳಿದೆ. ನೀವು ಹಿಂದೆ ನಿಂತು ಕೇಳುತ್ತಿದ್ದಿರಿ."

"ಹೌದು."

"ಶಾಲೂ ಹೊದ್ದುಕೊಂಡಿರಿ."

"ಹೊದ್ದುಕೊಂಡೆ. ಈಗ ಆ ಹೊಲಿಗೆ ಬಿಚ್ಚುತ್ತೇನೆ. ಕಾಗದ ಏನಾದರೂ ಹೇಳಲಿ."

ಅವರಿಗೆ ಸಿಟ್ಟು ಬಂದಿತ್ತು, ಧ್ವನಿ ಏರಲಿಲ್ಲ. "ಮತ್ತೆ ನೀವೇ ತೀರ್ಮಾನ ಮಾಡಿಬಿಟ್ಟಿರಿ. ಕೌದಿಯನ್ನು ನಿಲಂಗಾಕ್ಕೆ ಒಯ್ಯಿರಿ, ಟೆಂಪೋ ತರಿಸುತ್ತೇನೆ. ಆಕೆ ಬಿಚ್ಚು ಅಂದರೆ ಬಿಚ್ಚಿ. ಬೇಡ ಅಂದರೆ ಮುಟ್ಟಬೇಡಿ. ಈ ಸಲ ಕೇಳಿ ಮಾಸ್ತರ."

ಅಕ್ಕ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಡ್ರೈವರನೂ ನಾನೂ ಸುತ್ತಿದ ಕೌದಿ ಹೊತ್ತು ತಂದದ್ದನ್ನು ನೋಡಿ, "ಏನೋ ಅದು, ಹೆಣಾ ತಂದಾಂಗ ಹೊತ್ಕೊಂಡು ಬಂದೀದಿ?" ಎಂದಳು.

ಕೌದಿ ಹರಡಿ ಅವಳ ಮುಂದೆ ಕೂತೆ. "ಇದನ್ನ ಬಿಚ್ಚಲೇನು ಅಕ್ಕಾ?"

ಮೊರ ಎರಡು ಸಲ ಕೇರಿದಳು. "ಕೇಳ್ಲಾಕ ಇಷ್ಟು ವರ್ಷ ಬೇಕಾದ್ವೇನು ನಿನಗ?"

"ಬೇಕಾದ್ವು."

"ಬಿಚ್ಚು. ಬ್ಲೇಡ ಹಚ್ಚಬ್ಯಾಡ. ಒಂದೊಂದೇ ಟಾಕಿ ಬಿಚ್ಚು."

ಮಷಿನ್ನಿನ ಟಾಕಿ ಹಾಕುವುದು ಸುಲಭ. ಎರಡು ಗೆರೆ ಬಿಚ್ಚಲು ಊಟದ ಹೊತ್ತು ಮೀರಿತು. ನಾನು ಬಿಚ್ಚುತ್ತಿರುವಾಗ ಅಕ್ಕ, ಜೋಳದ ಕಲ್ಲು ಆರಿಸುತ್ತಲೇ ಹೇಳಿದಳು. ಅವಳಿಗೆ ಹುಟ್ಟಿದ್ದು ಒಂದೇ ಹೆಣ್ಣುಕೂಸು, ಒಂಬತ್ತು ದಿನ ಇತ್ತು. ಅಷ್ಟು ನನಗೂ ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ.

"ಒಳಗ ಅವ್ವನ ಸೀರಿ ತುಂಡದ. ಆಕಿನ್ನ ಅದ್ರಾಗೇ ಸುತ್ತಿದ್ದೆ. ಅದಕ್ಕೂ ಮೊದಲ ನಿನ್ನ ಸುತ್ತಿದ್ದೂ ಅದ್ರಾಗೇ. ಅವ್ವಗ ಏಳ್ಲಾಕ ಆಗ್ಲಿಲ್ಲ, ನಾನೇ ಸುತ್ತೀನಿ. ಬಂದ ಮಂದಿ ಕೈ ಹಾಕಿ ಮುಟ್ಟಲಿ ಅಂತ ಬಾಗಲಾ ಬಿಟ್ಟಿದ್ದೆ. ಎಲ್ಲಾರೂ ಅಂಥದ್ರಾಗೇ ಬಂದಾರಲ್ಲ."

ನನ್ನ ಕೈ ನಿಂತಿತು.

"ಬಿಚ್ಚು, ಬಿಚ್ಚು. ಕನಸಿನ್ಯಾಗ ಆಕಿ ಅಲ್ಲಿಂದೇ ಬಂದು ಹೋಗ್ತಿದ್ಲು. ಹೇಳಬಾರದಿತ್ತು, ಹೇಳ್ಲತ್ತೀನಿ. ನೀ ಮುಚ್ಚಿದ ಮ್ಯಾಲ ಬರ್ಲಿಲ್ಲ."

ತಲೆ ಬಗ್ಗಿಸಿ ಮತ್ತೆ ಬಿಚ್ಚತೊಡಗಿದೆ. ಕೊನೆಯ ಟಾಕಿ ಬಿಚ್ಚಿದಾಗ ಎರಡು ಸಾಲು ತೂತು ಹಾಗೆಯೇ ಉಳಿದವು. ತಿಕ್ಕಿದೆ, ನೀರು ಹಚ್ಚಿದೆ, ಹೋಗಲಿಲ್ಲ.

"ಇರ್ಲಿ ಬಿಡು" ಎಂದಳು ಅಕ್ಕ. ತೆರೆದ ಜಾಗದಲ್ಲಿ ಮೊಣಕೈವರೆಗೆ ಕೈ ಹಾಕಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೂತಳು. ಕೈ ತೆಗೆದಾದ ಮೇಲೆ, "ಅಂಚು ಹರೀತದ. ಸೂಜಿ ಪೋಣಿಸಿ ಕೊಡು" ಎಂದಳು. ಅವಳ ಕಣ್ಣಿಗೆ ಸೂಜಿಯ ತೂತು ಕಾಣುವುದಿಲ್ಲ. ಸೂಜಿ ದಾರ ನಾನು ಹಿಡಿದೆ. ನಾಲ್ಕನೆಯ ಸಲಕ್ಕೆ ದಾರ ಹೋಯಿತು. ಸಂಜೆಯವರೆಗೆ ಅವಳು ಬಾಗಿಲಿನ ಅಂಚು ಕಟ್ಟಿದಳು. ನನಗೆ ಕೈ ಹಾಕು ಎನ್ನಲಿಲ್ಲ. ನಾನೂ ಹಾಕಲಿಲ್ಲ.

ಈಗ ಹೊಸಬರಿಗೆ ಹೇಳುವುದನ್ನು ಹೇಳಿಬಿಡುತ್ತೇನೆ. ನಿಮ್ಮ ಕೆಲಸಕ್ಕೆ ಅರ್ಥ ಹೇಳುವವರು ಬರುತ್ತಾರೆ. ಕೇಳಿ, ಚಹಾ ಕೊಡಿ, ಕಳಿಸಿ. ಆದರೆ ನಿಮ್ಮ ತಪ್ಪಿಗೆ ಅವರು ಅರ್ಥ ಹಚ್ಚಿದರೆ ಒಪ್ಪಬೇಡಿ. ಅದರ ಕೆಳಗೆ ಇನ್ನೊಬ್ಬರ ಕೈಕೆಲಸ ಹುಗಿದಿರುತ್ತದೆ. ನೇರ ಹೊಲಿಗೆ ಬಂದ ಮಾತ್ರಕ್ಕೆ ಸೊಟ್ಟ ಹೊಲಿಗೆಯನ್ನು ತಿದ್ದಲು ಹೋಗಬೇಡಿ. ಕಾಳು ಹುರಿಯಬೇಡಿ, ಬೇವಿನ ಎಲೆಯ ಜೊತೆ ಚೆನ್ನಾಗಿ ಒಣಗಿಸಿ, ಹಸಿಯಾಗಿಯೇ ಹೊಲಿಯಿರಿ, ಒಂದೆರಡು ಹುಳ ಬಿದ್ದರೆ ಬೀಳಲಿ.

ಮೊನ್ನೆ ಆ ಸಂಸ್ಥೆಯ ಅಧಿಕಾರಿ ಉದಗೀರಕ್ಕೆ ಬಂದರು. ಅಕ್ಕನೂ ಬಂದಿದ್ದಳು, ಕೌದಿಯ ಜೊತೆ ಟೆಂಪೋದಲ್ಲಿ ಮುಂದಿನ ಸೀಟಿನಲ್ಲೇ ಕೂತು ಬಂದವಳು, ತಿರುಗಿ ಹೋಗಿರಲಿಲ್ಲ. ಚಿತ್ರ ಗೋಡೆಗೆ ಏರಿತ್ತು. ಅಧಿಕಾರಿ ನಡುವಿನ ಜಾಗ ನೋಡಿ ಮುಖ ಬಿಗಿದರು. ಒಂದು ಎಳೆಯೂ ಕದಲಬಾರದು ಎಂದು ಬರೆದಿದ್ದೆವು, ಕೃತಿಯನ್ನು ಕೆಡಿಸಿದವರು ಯಾರು ಎಂದು ಕೇಳಿದರು.

"ಹೊಲಿದವನೂ ನಾನೇ, ಬಿಚ್ಚಿದವನೂ ನಾನೇ" ಎಂದೆ. "ಬೇಡವಾದರೆ ಬಿಟ್ಟುಹೋಗಿ. ಬೇಕಾದರೆ ಹೀಗೆಯೇ ಒಯ್ಯಿರಿ."

ಅವರು ಒಯ್ಯುತ್ತಾರೋ ಇಲ್ಲವೋ ಈ ಹೊತ್ತಿನವರೆಗೂ ತಿಳಿಸಿಲ್ಲ. ಅಂದು ಅವರು ಇನ್ನೇನೋ ಹೇಳಲು ಬಾಯಿ ತೆರೆದಾಗ ಅಕ್ಕ ಮೂಲೆಯ ಕುರ್ಚಿಯಿಂದ ಎದ್ದು ಬಂದಳು.

"ಕೈ ಹಾಕ್ರೀ" ಎಂದಳು.

ಅವರು ಮೇಡಂ ಕಡೆ ನೋಡಿದರು. ಮೇಡಂ ಕಿಟಕಿಯ ಕಡೆ ನೋಡಿದರು.

"ತೊಳೀದಿದ್ರೂ ನಡೀತದ. ಹಾಕ್ರೀ."

ಅವರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು, ಅಂಗಿಯ ತೋಳು ಮಡಚಿ, ಕೈ ಒಳಗೆ ಹಾಕಿದರು. ಮುಖದ ಬಿಗಿ ಹಾಗೆಯೇ ಇತ್ತು. ಸ್ವಲ್ಪ ಹೊತ್ತಿಗೆ ಅದು ಇಳಿಯಿತು. ಕೈ ತೆಗೆಯಲಿಲ್ಲ. ಹೊರಗೆ ಯಾರದೋ ಮೋಟಾರು ಸೈಕಲ್ಲು ಶುರುವಾಗಿ ದೂರ ಹೋಯಿತು.

ಕೊನೆಗೆ ಅಕ್ಕ ಅವರ ಭುಜ ಮುಟ್ಟಿ ಹೇಳಿದಳು: "ಸಾಕ್ರೀ, ತಗೀರಿ. ಹಿಂದ ಮಂದಿ ನಿಂತಾರ."

ಹಿಂದೆ ನಿಂತಿದ್ದವನು ನಾನೊಬ್ಬನೇ.